ಮೇಜಿನ ಮೇಲೆ ಇನ್ನೊಂದು ಕೈ

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಶಾಲೆಯ ಮೇಷ್ಟ್ರಲ್ಲ, ಕಟಿಂಗ್ ಮಾಸ್ಟರ್. ಅಂಗಿಗಳನ್ನು ಹೊಲಿದು ಪೆಟ್ಟಿಗೆಗೆ ತುಂಬಿ ಹಡಗಿಗೆ ಕಳಿಸುವ ಆ ದೊಡ್ಡ ಕಟ್ಟಡದ ನೆಲಮಹಡಿಯಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ಮೇಜಿತ್ತು. ಅದರ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಗೇಣೆತ್ತರ ಮಾಡಿ, ತುದಿಗಳಿಗೆ ಕ್ಲಾಂಪು ಬಿಗಿದು, ಮೇಲಿನ ಪದರದ ಮೇಲೆ ಸೀಮೆಸುಣ್ಣದ ಗೆರೆ ಎಳೆದಿಡುವುದು ಸಹಾಯಕರ ಕೆಲಸ. ಎಲ್ಲ ಮುಗಿದ ಮೇಲೆ ಮಾಸ್ಟರ್ ಬರುವುದು. ಬಂದವನು ಉಕ್ಕಿನ ಸಣ್ಣ ಸಣ್ಣ ಬಳೆಗಳಲ್ಲಿ ಹೆಣೆದ ಗ್ಲೌಸನ್ನು ಎಡಗೈಗೆ ಏರಿಸಿ, ಬಲಗೈಯಲ್ಲಿ ಕಟಿಂಗ್ ಮಷೀನು ಹಿಡಿದು, ಸ್ವಿಚ್ಚು ಒತ್ತುತ್ತಿದ್ದ. ಮಷೀನಿನ ನೆಟ್ಟನೆಯ ಅಲಗು ಇಡೀ ರಾಶಿಯನ್ನು ಒಂದೇ ಸಲಕ್ಕೆ ಸೀಳಿಕೊಂಡು ಹೋಗುತ್ತಿತ್ತು. ನೂರು ಅಂಗಿಯ ನೂರು ಬೆನ್ನುಗಳು ಒಂದೇ ಉಸಿರಿಗೆ ಸಿದ್ಧ.

ಆ ಹಾಲಿನಲ್ಲಿ ಒಂದು ಕಟ್ಟುನಿಟ್ಟಿತ್ತು. ಮೋಟಾರಿನ ಸದ್ದು ಕೇಳಿದ ಕೂಡಲೇ ಎಲ್ಲರೂ ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಸದ್ದು ಇರುವಷ್ಟು ಹೊತ್ತು ಮೇಜಿನ ಮೇಲೆ ಮಾಸ್ಟರನದಲ್ಲದೆ ಇನ್ನೊಂದು ಕೈ ಇರಕೂಡದು. ಇದನ್ನು ಯಾರೂ ಮೀರುತ್ತಿರಲಿಲ್ಲ. ಹಾಗಾಗಿ ಅವನು ಅಕ್ಕಪಕ್ಕ ನೋಡುವುದನ್ನು ಕಲಿತೇ ಇರಲಿಲ್ಲ. ಅವನ ಕಣ್ಣು ಗೆರೆಯ ಮೇಲೆ, ಗೆರೆ ಅವನ ಕಣ್ಣಲ್ಲಿ. ಪಕ್ಕದಲ್ಲಿ ಆನೆ ಬಂದು ನಿಂತರೂ ಅವನಿಗೆ ಕಾಣುತ್ತಿರಲಿಲ್ಲ.

ಅವನ ಹೆಂಡತಿ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಮದುವೆಗೆ ಮುಂಚಿನಿಂದಲೂ ಕಾಲರೇ. ಹೊಲಿದ ಕಾಲರನ್ನು ಒಳಗಿನಿಂದ ಹೊರಕ್ಕೆ ತಿರುಗಿಸಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಮ್ಮೆ ಹಿಂಡಿದರೆ ಮೂತಿ ಸೂಜಿಯಂತೆ ಎದ್ದು ಬರಬೇಕು. ಉಳಿದವರು ಅದಕ್ಕೆ ಮೊಂಡು ಕಡ್ಡಿಯೊಂದನ್ನು ಒಳಗೆ ತೂರಿಸಿ ತಿವಿಯುತ್ತಿದ್ದರು. ಇವಳಿಗೆ ಕಡ್ಡಿ ಬೇಕಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಕಾಲರಕ್ಕ. ಬಹಳ ವರ್ಷ ಕಾದ ಮೇಲೆ ಅವಳಿಗೆ ಕಿಟಕಿ ಪಕ್ಕದ ಮಷೀನು ಸಿಕ್ಕಿತ್ತು. ಗಾಳಿ ಬರುವ ಜಾಗ. ಮಧ್ಯಾಹ್ನದ ಬಿಸಿಲು ಮಾತ್ರ ನೇರ ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಸ್ಟೂಲನ್ನು ಸ್ವಲ್ಪ ಓರೆಯಾಗಿಸಿಕೊಂಡು ಕೂರುತ್ತಿದ್ದಳು.

ಗಂಡ ಹೆಂಡತಿ ಸೇರಿ ಒಂದು ಊರಿಗೇ ತೊಡಿಸುವಷ್ಟು ಅಂಗಿ ಮಾಡಿದ್ದರು. ಆದರೆ ಒಂದೇ ಒಂದು ಇಡೀ ಅಂಗಿಯನ್ನು ಇಬ್ಬರಲ್ಲಿ ಯಾರೂ ಮಾಡಿರಲಿಲ್ಲ. ಆಗ ಅದು ಅವರಿಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು.

ಎಲ್ಲ ಶುರುವಾದದ್ದು ಒಂದು ಚಿಂದಿಯಿಂದ. ಸಂಜೆ ಗೇಟಿನಲ್ಲಿ ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು. ಬಟ್ಟೆ ಕದ್ದೊಯ್ಯುತ್ತಾರೆಂದು ಎಲ್ಲರನ್ನೂ ತಡವಿ ನೋಡಿ ಬಿಡುವುದು ಅಲ್ಲಿನ ಕ್ರಮ. ಅವತ್ತು ಗೇಟಿನ ಕಾವಲುಗಾರ ಮಾಸ್ಟರನ ಪ್ಯಾಂಟಿನ ಜೇಬಿನಿಂದ ಅಂಗೈಯಗಲದ ಬಟ್ಟೆ ಚೂರೊಂದನ್ನು ಎಳೆದು ತೆಗೆದ. ಸೀಮೆಸುಣ್ಣ ಒರೆಸಿಕೊಳ್ಳುವ ಚೂರು. ಕಾವಲುಗಾರ ಹೊಸಬ, ಹೊಸಬರಿಗೆ ಯಾವಾಗಲೂ ನಿಯತ್ತು ಜಾಸ್ತಿ. ಮಾಸ್ಟರನನ್ನು ಪಕ್ಕಕ್ಕೆ ನಿಲ್ಲಿಸಿ, ಎರಡೂ ಕೈ ಮೇಲೆತ್ತಿಸಿ, ಜೇಬುಗಳನ್ನೆಲ್ಲ ಹೊರಕ್ಕೆ ತಿರುವಿಸಿದ. ಸಹಾಯಕರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಪಕ್ಕದ ಸಾಲಿನಿಂದ ಹೆಂಡತಿ ನೋಡಿದಳು.

ಮನೆಗೆ ನಡೆಯುತ್ತಾ ಅವಳೆಂದಳು, “ಚಿಂದಿ ತಾನೇ ರೀ? ಬಿಡಿ ಆ ಮಾತನ್ನ.”

“ಚಿಂದಿ ಅಲ್ಲ ಕಣೇ ಅದು. ನಾನು. ನನ್ನನ್ನ ಜೇಬಿಂದ ತೆಗೆದು ತೋರಿಸಿದ ಅವನು.”

ಅವತ್ತಿನಿಂದ ಹೊಸ ರಾಗ ಹಿಡಿದ. ಊಟಕ್ಕೆ ಕೂತರೆ ಅದೇ, ಸ್ನಾನಕ್ಕೆ ನೀರು ಕಾಯಿಸುವಾಗ ಅದೇ. ಕೆಲಸ ಬಿಡುತ್ತೇನೆ. ಅಂಗಡಿ ಇಡುತ್ತೇನೆ. ನನ್ನ ಬಾಗಿಲಲ್ಲಿ ನನ್ನ ಜೇಬು ನೋಡುವವನು ಯಾರು? ಹೆಂಡತಿ ಮೊದಮೊದಲು ಹೂಂ ಹೂಂ ಎಂದಳು. ಆಮೇಲೆ ಒಂದೇ ಮಾತು ಹೇಳಿದಳು.

“ನೀವು ಬಿಡಿ. ನನ್ನ ಮಷೀನು ನನಗಿರಲಿ.”

“ನಾನು ಕತ್ತರಿಸಿದ್ದನ್ನ ಯಾರು ಹೊಲೀತಾರೆ? ಕೂಲಿಗೆ ಆಳಿಡ್ಲಾ? ಇಷ್ಟು ವರ್ಷ ಯಾರ್ಯಾರದೋ ಕುತ್ತಿಗೆಗೆ ಕಾಲರ್ ಹೊಲಿದೆಯಲ್ಲ, ಸಾಕಾಗ್ಲಿಲ್ವಾ?”

ಮೂಲೆಯ ಕುರ್ಚಿಯಲ್ಲಿದ್ದ ಅವನ ತಾಯಿಗೆ ಕಾಲು ಬಾರದಿದ್ದರೂ ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. “ಇಬ್ರೂ ಒಟ್ಟಿಗೆ ಹಾರ್ತೀರೇನೋ? ಒಬ್ರಾದ್ರೂ ನೆಲದ ಮೇಲಿರಿ. ಬಿದ್ರೆ ಎತ್ತೋಕೆ ನನ್ನ ಕೈಲಾಗಲ್ಲ ಕಣೋ,” ಎಂದಳು.

ಮುದುಕಿಯ ಮಾತು ಯಾರಿಗೆ ಬೇಕು? ಹೆಂಡತಿ ಕೊನೆಗೆ ಒಪ್ಪಿದಳು. ಒಪ್ಪಿದಳು ಎನ್ನುವುದಕ್ಕಿಂತ ಕೇಳಿ ಕೇಳಿ ಸೋತಳು ಎನ್ನಬೇಕು. ಕೊನೆಯ ದಿನ ತನ್ನ ಮಷೀನಿನ ಎಣ್ಣೆ ಒರೆಸಿ, ಮುಸುಕು ಹೊದೆಸಿ, ಸ್ಟೂಲನ್ನು ಒಳಕ್ಕೆ ತಳ್ಳಿ ಬಂದಳು. ಕೆಳಗೆ ಕಟಿಂಗ್ ಹಾಲಿನವರು ಮಾಸ್ಟರನಿಗೆ ಅವನದೇ ಉಕ್ಕಿನ ಗ್ಲೌಸನ್ನು ಕಾಗದದಲ್ಲಿ ಸುತ್ತಿ ಉಡುಗೊರೆ ಕೊಟ್ಟರು. “ಹಳೇದು, ತಗೊಂಡು ಹೋಗು,” ಎಂದು ಮ್ಯಾನೇಜರನೇ ಹೇಳಿದ್ದ. ಮಾಸ್ಟರ್ ಅದನ್ನು ಗೇಟಿನಲ್ಲಿ ಕಾವಲುಗಾರನ ಮೂಗಿನ ಮುಂದೆ ಆಡಿಸಿಕೊಂಡು ಹೊರಬಂದ. ಅವನ ಬದುಕಿನಲ್ಲಿ ಅಷ್ಟು ಸುಖದ ಸಂಜೆ ಇನ್ನೊಂದಿರಲಿಲ್ಲ.

ಅಂಗಡಿ ಸಿಕ್ಕಿದ್ದು ಬೀಗದ ಕೈ ಮಾಡುವವನ ಪಕ್ಕದಲ್ಲಿ. ಅರ್ಧಕ್ಕೆ ಸಿಕ್ಕಿಹಾಕಿಕೊಳ್ಳುವ ಷಟರು, ಒಂದೇ ಬಲ್ಬು, ಗೋಡೆಯಲ್ಲಿ ಹಿಂದಿನವನು ಹೊಡೆದಿಟ್ಟ ಮೊಳೆಗಳು. ಬೋರ್ಡಿನ ಮೇಲೆ ‘ಸ್ವಂತ ಟೈಲರ್ಸ್’ ಎಂದು ಬರೆಸಿದ. ಬೀಗದವನು ತಲೆಯೆತ್ತಿ ಓದಿ, “ಸ್ವಂತ ಅಂದ್ರೆ ಸ್ವಂತಕ್ಕೆ ಮಾತ್ರ ಹೊಲಿಯೋದಾ, ನಮಗೂ ಹೊಲಿದು ಕೊಡ್ತೀರಾ?” ಎಂದ. ನಕ್ಕರು. ಮಗ ಸೊಸೆ ಇಬ್ಬರೂ ಅಂಗಡಿಯಲ್ಲೇ ಇರುವುದರಿಂದ ಬೆಳಿಗ್ಗೆ ಮುದುಕಿಯನ್ನೂ ಕುರ್ಚಿ ಸಮೇತ ಅಲ್ಲಿಗೇ ತಂದು ಕೂರಿಸುತ್ತಿದ್ದರು.

ಮೊದಲ ಗಿರಾಕಿ ಒಬ್ಬ ನಿವೃತ್ತ ಗುಮಾಸ್ತ. ಜೀವಮಾನವಿಡೀ ಒಂದೇ ಹೆಗಲಿಗೆ ಚೀಲ ಹೊತ್ತು ಆ ಹೆಗಲು ಇಳಿದುಹೋಗಿತ್ತು. ಮಾಸ್ಟರ್ ಶಾಸ್ತ್ರಕ್ಕೆಂಬಂತೆ ಟೇಪು ಹಿಡಿದ. ಮನುಷ್ಯರನ್ನು ಅಳೆದು ಅವನಿಗೆ ರೂಢಿಯಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಸೈಜುಗಳು. ಗುಮಾಸ್ತ ಎರಡು ಸೈಜುಗಳ ನಡುವೆ ಬಂದ. ದೊಡ್ಡದಕ್ಕೇ ಇರಲಿ ಎಂದು ಕತ್ತರಿಸಿದ. ತೊಟ್ಟು ನೋಡಿದರೆ ಒಂದು ಕಡೆ ಅಂಗಿ, ಇನ್ನೊಂದು ಕಡೆ ಗೋಣಿಚೀಲ.

“ಅಳತೆ ಸರಿಯಾಗೇ ಇದೆ ಸಾರ್. ನಿಮ್ಮ ಭುಜ ಸರಿಯಿಲ್ಲ,” ಎಂದ ಮಾಸ್ಟರ್.

“ಈ ಭುಜ ಹುಟ್ಟಿದಾಗಿಂದ ನನ್ನ ಜೊತೆಗಿದೆಯಪ್ಪ. ನಿನ್ನ ಅಂಗಿ ಬಂದಿದ್ದು ಇವತ್ತು,” ಎಂದ ಗುಮಾಸ್ತ.

ಅದಕ್ಕಿಂತ ದೊಡ್ಡ ತೊಂದರೆ ಬೇರೆಯಿತ್ತು. ಒಂದೇ ಪದರದ ಬಟ್ಟೆಯನ್ನು ಕೈಕತ್ತರಿಯಲ್ಲಿ ಕತ್ತರಿಸಲು ಅವನಿಗೆ ಬರುತ್ತಿರಲಿಲ್ಲ. ರಾಶಿಯ ಭಾರಕ್ಕೆ ಒಗ್ಗಿದ ಕೈ ಒಂಟಿ ಬಟ್ಟೆಯ ಮೇಲೆ ನಡುಗುತ್ತಿತ್ತು. ಯಾರಿಗೂ ಹೇಳದೆ ಅವನೊಂದು ಉಪಾಯ ಮಾಡಿದ. ಹೆಚ್ಚುಕಡಿಮೆ ಒಂದೇ ಮೈಕಟ್ಟಿನ ಗಿರಾಕಿಗಳ ಬಟ್ಟೆಗಳು ಸೇರುವವರೆಗೆ ಕಾಯುವುದು, ಅಲ್ಲಿಯವರೆಗೆ ಬಂದವರಿಗೆಲ್ಲ ನಾಳೆ ಎನ್ನುವುದು, ಸೇರಿದ ಮೇಲೆ ಒಂದರ ಮೇಲೊಂದಿಟ್ಟು ಒಟ್ಟಿಗೆ ಕತ್ತರಿಸುವುದು. ಯಾವ ದರ್ಜಿಯೂ ಮಾಡದ ಕೆಲಸ. ಒಮ್ಮೆ ನಡುವಿನ ನುಣುಪು ಬಟ್ಟೆ ಜಾರಿ, ಕೆಲಸದ ಸಂದರ್ಶನಕ್ಕೆಂದು ಯಾರೋ ಕೊಟ್ಟಿದ್ದ ಅಂಗಿಯ ಎದೆಭಾಗ ಹಾಳಾಯಿತು. ಹೆಂಡತಿ ಉಳಿದ ತುಂಡುಗಳನ್ನು ಕೂಡಿಸಿ, ಹೊಲಿಗೆಯನ್ನು ಜೇಬಿನ ಕೆಳಗೆ ಅಡಗಿಸಿ ಮಾನ ಉಳಿಸಿದಳು.

ಅವಳೂ ಮೊದಲು ಕಾಲರ್ ಬಿಟ್ಟರೆ ಏನೂ ತಿಳಿಯದವಳೇ. ತೋಳನ್ನು ಹಿಂದುಮುಂದಾಗಿ ಕೂಡಿಸಿದ್ದಳು. ಆದರೆ ಅವಳು ಒಂದು ಭಾನುವಾರ ಅಡುಗೆಮನೆಯ ನೆಲದ ಮೇಲೆ ಗಂಡನ ಹಳೆಯ ಅಂಗಿಯೊಂದನ್ನು ಹಾಸಿಕೊಂಡು, ಹೊಲಿಗೆ ಹೊಲಿಗೆಯಾಗಿ ಬಿಚ್ಚಿದಳು. ಬೆನ್ನು, ಎದೆ, ತೋಳು, ಪಟ್ಟಿ ಎಲ್ಲವನ್ನೂ ಬಿಡಿಬಿಡಿಯಾಗಿ ಹರಡಿ ಕೂತು ಬಹಳ ಹೊತ್ತು ನೋಡಿದಳು. ಮತ್ತೆ ಕೂಡಿಸಿದಳು. ಮತ್ತೆ ಬಿಚ್ಚಿದಳು. ಅತ್ತೆ ಕುರ್ಚಿಯಿಂದಲೇ, “ಗಂಡನ ಮೇಲಿನ ಸಿಟ್ಟನ್ನ ಅಂಗಿ ಮೇಲೆ ತೀರಿಸ್ಕೋತಿದೀಯೇನೇ?” ಎಂದು ಕೆಣಕಿದಳು. ಸೊಸೆ ಬಾಯಲ್ಲಿ ದಾರ ಕಚ್ಚಿಕೊಂಡೇ ನಕ್ಕಳು.

ನೋಡನೋಡುತ್ತಾ ಅವಳ ಕೈಗೆ ಇಡೀ ಅಂಗಿ ಬಂತು. ಗುಮಾಸ್ತನ ಅಂಗಿಯನ್ನು ಅವಳೇ ಬಿಚ್ಚಿ, ಇಳಿದ ಹೆಗಲಿಗೆ ತಕ್ಕಂತೆ ಹೊಲಿದು ಕೊಟ್ಟಳು. ಅವನು ಕನ್ನಡಿಯ ಮುಂದೆ ನಿಂತವನು ಆ ಕಡೆ ಈ ಕಡೆ ತಿರುಗಿ ನೋಡಿಕೊಂಡು, ಮರುದಿನ ತಮ್ಮನನ್ನು ಕರೆತಂದ. ಬಂದವರು ಬಾಗಿಲಲ್ಲೇ “ಅಮ್ಮ ಇದಾರಾ?” ಎಂದು ಕೇಳತೊಡಗಿದರು. ಅವಳು ಗುನುಗುನು ಹಾಡಿಕೊಳ್ಳುವುದನ್ನು ಬೀಗದವನೂ ಕೇಳಿಸಿಕೊಂಡ. ಕಿಟಕಿಯ ಪಕ್ಕದ ಮಷೀನನ್ನು ಅವಳು ಮರೆತಿರಲಿಲ್ಲ. ಆದರೆ ಕಾಲರಕ್ಕನಾಗಿದ್ದವಳು ಈಗ ಇಡೀ ಅಂಗಿಯ ಒಡತಿಯಾಗಿದ್ದಳು, ಆ ಖುಷಿ ಅವಳ ಮುಖದಲ್ಲಿತ್ತು.

ಮಾಸ್ಟರನಿಗೆ ಹೆಮ್ಮೆಯಾಯಿತು. ಜೊತೆಗೆ ಹೊಟ್ಟೆಯೂ ಉರಿಯಿತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಮುಂದಿನದಕ್ಕೆಲ್ಲ ಇದೇ ಬುಡ. ಅಂಗಡಿ ತನ್ನದು, ಹಟ ತನ್ನದು, ಮರ್ಯಾದೆ ಮಾತ್ರ ಅವಳಿಗೆ. ಗುಂಡಿ ಹೊಲಿಯುವುದು, ಇಸ್ತ್ರಿ ಹಾಕುವುದು ಅವನ ಪಾಲಿಗೆ ಉಳಿದಿತ್ತು. ಮಾಸ್ಟರ್ ಎಂದು ಕರೆಯುವವರು ಯಾರೂ ಇರಲಿಲ್ಲ.

ಆಗ ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯಿನಿ ಮಕ್ಕಳ ಸಮವಸ್ತ್ರಕ್ಕೆ ಕೇಳಿಕೊಂಡು ಬಂದರು. ಗುಮಾಸ್ತನೇ ಕಳಿಸಿದ್ದ. ಒಂದೇ ಬಿಳಿ ಬಟ್ಟೆ, ಒಂದೇ ನಮೂನೆ, ಸೈಜಿನ ಪ್ರಕಾರ ರಾಶಿ ರಾಶಿ. ಮಾಸ್ಟರನ ಕಣ್ಣಲ್ಲಿ ನೀರು ಬಂತು. ಬದುಕು ಕೊನೆಗೂ ಅವನ ಭಾಷೆಯಲ್ಲಿ ಮಾತಾಡಿತ್ತು.

ಗುಜರಿಯವನ ಹತ್ತಿರ ಹಳೆಯ ಕಟಿಂಗ್ ಮಷೀನೊಂದಿತ್ತು. ಅಲಗಿನ ಮುಂದೆ ಇಳಿಬಿಡುವ ರಕ್ಷಣೆಯ ಪಟ್ಟಿ ಮುರಿದುಹೋಗಿತ್ತು. “ಅದಿಲ್ದೆ ಇದ್ರೇನೇ ಗೆರೆ ಚೆನ್ನಾಗಿ ಕಾಣೋದು,” ಎಂದು ತಂದೇಬಿಟ್ಟ.

ಹೆಂಡತಿ ಮಷೀನನ್ನು ನೋಡಿದಳು, ಮೇಜನ್ನು ನೋಡಿದಳು. “ಮೇಜು ಸಾಲಲ್ಲ ರೀ. ಸ್ವಲ್ಪ ಸ್ವಲ್ಪ ಕತ್ತರಿಸೋಣ. ನಾನೇ ಕತ್ತರೀಲಿ ಕತ್ತರಿಸ್ತೀನಿ, ಎಷ್ಟು ಹೊತ್ತಿನ ಕೆಲಸ?”

“ಸ್ಕೂಲ್ ಬಟ್ಟೇನೆಲ್ಲಾ ಕತ್ತರೀಲಿ ಕತ್ತರಿಸ್ತಾರಾ? ನೋಡಿದೋರು ನಗ್ತಾರೆ. ಒಂದು ಸಲ ನಾನು ಹೇಳಿದ ಹಾಗೆ ಆಗ್ಲಿ.”

ಆಗಲಿ ಎಂದಳು.

ಬೆಳಗಿನ ಬಿಸಿಲು ಅಂಗಡಿಯೊಳಗೆ ಬಂದಿತ್ತು. ಪದರದ ಮೇಲೆ ಪದರ ಹಾಸಿದರು. ರಾಶಿ ಮೇಜಿನಿಂದ ಆಚೆ ಜೋತುಬಿತ್ತು. ಕ್ಲಾಂಪುಗಳಿರಲಿಲ್ಲ. ಅವನು ಸುಲಭದ ದಾರಿ ಹುಡುಕಿದ. “ನೀನು ಆ ತುದಿ ಹಿಡ್ಕೊಂಡು ನಿಂತ್ಕೋ. ಎಳೀಬೇಡ, ಬಿಡಬೇಡ. ಅಷ್ಟೇ.” ಹೆಂಡತಿ ಹಿಡಿದುಕೊಂಡಳು. ಅವನು ಉಕ್ಕಿನ ಗ್ಲೌಸನ್ನು ಕಾಗದದಿಂದ ಬಿಚ್ಚಿ ಎಡಗೈಗೆ ಏರಿಸಿದ. ಒಂದೇ ಗ್ಲೌಸು ಇದ್ದದ್ದು, ಅದು ಅವನ ಕೈಯಲ್ಲಿತ್ತು. ಸ್ವಿಚ್ಚು ಒತ್ತಿದ.

ಆ ಸದ್ದು ಕೇಳಿ ಅವನ ಬೆನ್ನು ನೆಟ್ಟಗಾಯಿತು. ನಡುಗುತ್ತಿದ್ದ ಕೈ ಕಲ್ಲಿನ ಹಾಗೆ ನಿಂತಿತು. ಬೀಗದವನು ತನ್ನ ಅರ ಬದಿಗಿಟ್ಟು ಬಂದು ನೋಡತೊಡಗಿದ. ಮಾಸ್ಟರ್ ಮೊದಲ ಬೆನ್ನಿನ ಗೆರೆ ಮುಗಿಸಿದ, ತಿರುಗಿಸಿದ, ಎರಡನೆಯದಕ್ಕೆ ಹೋದ. ಕಣ್ಣು ಗೆರೆಯ ಮೇಲೆ. ಇಷ್ಟು ವರ್ಷ ಅವನ ಮಟ್ಟಿಗೆ ಮೋಟಾರಿನ ಸದ್ದು ಎಂದರೆ ಮೇಜಿನ ಮೇಲೆ ಬೇರೆ ಕೈಯಿಲ್ಲ ಎಂದೇ ಅರ್ಥ. ಆ ತುದಿಯಲ್ಲಿ ಹೆಂಡತಿಯನ್ನು ತಾನೇ ನಿಲ್ಲಿಸಿದ್ದು ಅವನ ತಲೆಯಲ್ಲಿತ್ತು, ಕಣ್ಣಿನಲ್ಲಿರಲಿಲ್ಲ.

ಅವಳಿಗೂ ಅವಳದೇ ಒಂದು ರೂಢಿ. ಹೊಲಿಯುವವರ ಬೆರಳು ಸೂಜಿಯ ಮುಂದೆ ಸುಕ್ಕು ಕಂಡರೆ ತಾನಾಗಿ ಹೋಗಿ ಸವರುತ್ತದೆ. ಯೋಚಿಸಿ ಮಾಡುವುದಲ್ಲ. ಸೂಜಿಗೂ ಬೆರಳಿಗೂ ನಡುವೆ ಕೂದಲೆಳೆಯ ಜಾಗವಿದ್ದರೂ ಅದು ಅಂಜುವುದಿಲ್ಲ, ಏಕೆಂದರೆ ಮಷೀನು ನಿಲ್ಲಿಸುವ ಕಾಲು ತನ್ನದೇ. ಬಿಳಿ ಬಟ್ಟೆ ಅಲಗಿನ ಮುಂದೆ ಉಬ್ಬಿ ಸುಕ್ಕಾಯಿತು. ಅವಳ ಬಲಗೈ ಹೋಗಿ ಅದನ್ನು ಸವರಿತು. ಇಲ್ಲಿ ನಿಲ್ಲಿಸುವ ಕಾಲಿರಲಿಲ್ಲ.

ಕುರ್ಚಿಯಲ್ಲಿದ್ದ ಮುದುಕಿ ಕೂಗಿದಳು. ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಮಾಸ್ಟರ್ ನಿಲ್ಲಿಸಿದ್ದು ಬಿಳಿಯ ಗೆರೆ ಕೆಂಪಾದಾಗ.

ಬೀಗದವನ ಸ್ಕೂಟರಿನಲ್ಲಿ, ಇಬ್ಬರ ನಡುವೆ ಅವಳನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋದರು. ಕೈಗೆ ಸುತ್ತಿದ್ದ ಸಮವಸ್ತ್ರದ ಬಟ್ಟೆ ದಾರಿಯಲ್ಲೇ ನೆನೆದು ತೊಟ್ಟಿಕ್ಕುತ್ತಿತ್ತು. ಬಲಗೈಯ ತೋರುಬೆರಳು ಬುಡದವರೆಗೆ ಹೋಗಿತ್ತು, ನಡುಬೆರಳು ಅರ್ಧ. ಕೂಡಿಸಲು ಆಗುವುದಿಲ್ಲ ಎಂದು ವೈದ್ಯೆ ಹೇಳಿದಾಗ ಮಾಸ್ಟರ್ ತನ್ನ ಎಡಗೈ ನೋಡಿಕೊಂಡ. ಗ್ಲೌಸನ್ನು ಇನ್ನೂ ಬಿಚ್ಚಿರಲಿಲ್ಲ. ಒಳಗೆ ಐದು ಬೆರಳೂ ಬೆಚ್ಚಗಿದ್ದವು.

ಎಚ್ಚರವಾದಾಗ ಅವಳು ಹೇಳಿದ್ದಿಷ್ಟೇ, “ಸುಕ್ಕು ಬಂದಿತ್ತು ರೀ. ಕೈ ತಾನಾಗೇ ಹೋಯ್ತು.” ತಪ್ಪು ತನ್ನದೇ ಎನ್ನುವ ಹಾಗೆ ಹೇಳಿದಳು. ಅವನು ಬೈಸಿಕೊಳ್ಳಲು ಸಿದ್ಧನಾಗಿ ಕೂತಿದ್ದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

ಶಾಲೆಯ ಬಟ್ಟೆಯನ್ನು ಇನ್ನೊಬ್ಬ ದರ್ಜಿ ಒಯ್ದ. ಬೋರ್ಡು ಇಳಿಸುವಾಗ ಬೀಗದವನು ಏಣಿ ಹಿಡಿದು ನಿಂತಿದ್ದ, ಅವನಿಗೂ ಯಾವ ತಮಾಷೆಯೂ ನೆನಪಾಗಲಿಲ್ಲ. ಮನೆಯಲ್ಲಿ ಅವಳು ಎಡಗೈಯಲ್ಲಿ ದಾರ ಪೋಣಿಸಲು ಕೂರುತ್ತಿದ್ದಳು. ಸೂಜಿ ಬೀಳುತ್ತಿತ್ತು, ಹುಡುಕುತ್ತಿದ್ದಳು, ಮತ್ತೆ ಬೀಳುತ್ತಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡು ನಿದ್ದೆಯ ನಟನೆ ಮಾಡುತ್ತಿದ್ದಳು.

ಅವಳ ಕೈಯ ಕಟ್ಟು ಬಿಚ್ಚಿದ ಮೇಲೆ ಒಂದು ದಿನ ಮಾಸ್ಟರ್ ಇದ್ದ ಹಮ್ಮನ್ನೆಲ್ಲ ನುಂಗಿಕೊಂಡು ಕಾರ್ಖಾನೆಯ ಗೇಟಿಗೆ ಹೋದ. ತನಗಾಗಿ ಅಲ್ಲ. ಹೆಂಡತಿಗೆ ಏನಾದರೂ ಕೊಡಿ, ದಾರ ಕತ್ತರಿಸುವ ಕೆಲಸವೋ, ಪೆಟ್ಟಿಗೆಗೆ ಚೀಟಿ ಅಂಟಿಸುವ ಕೆಲಸವೋ, ಅವಳ ಮಹಡಿಯಲ್ಲಿ ಅವಳು ಕೂರುವಂತಾಗಲಿ ಎಂದು ಕೇಳಲು. ಅದೇ ಕಾವಲುಗಾರ ಅವನನ್ನು ಒಳಗೆ ಬಿಟ್ಟ. ಮ್ಯಾನೇಜರ್ ಕೂರಲು ಹೇಳಲಿಲ್ಲ. ಆದರೆ ಗದರಿಸಲೂ ಇಲ್ಲ.

“ನಿನ್ನ ಹೆಂಡ್ತಿ ಮೊನ್ನೆ ಬಂದಿದ್ರಲ್ಲಪ್ಪ, ಹೇಳಲಿಲ್ವಾ? ನಾಳೆಯಿಂದ ಬಾ. ಕಟಿಂಗಿಗೆ ಜನ ಇಲ್ಲ. ಹೊಸಬರ ಲೆಕ್ಕದಲ್ಲೇ ಸೇರಿಸ್ಕೊಳ್ಳೋದು, ಅದಕ್ಕೆ ಒಪ್ಪಬೇಕು.”

“ಅವಳು ಏನು ಕೇಳಿದ್ಲು ಸಾರ್?”

“ನಿನಗೆ ಕೆಲಸ ಕೊಡಿ ಅಂತ. ಮನೇಲಿ ಸುಮ್ನೆ ಕೂತು ಗೋಡೆ ನೋಡ್ತಿದಾರೆ, ಅವರಿಗೆ ಮೇಜು ಬೇಕು ಅಂದ್ರು.”

“ಅವಳಿಗೆ?”

ಮ್ಯಾನೇಜರ್ ಮೇಜಿನ ಮೇಲಿನ ಪೆನ್ನನ್ನು ಅತ್ತಿತ್ತ ಸರಿಸಿದ. “ಅವರಿಗೆ ಅಂತ ಅವರು ಕೇಳಲೇ ಇಲ್ಲ. ಕೇಳಿದ್ರೂ ಆ ಕೈಗೆ ಇಲ್ಲಿ ಕೆಲಸ ಇಲ್ಲ. ಮೇಲಿನೋರು ಒಪ್ಪಲ್ಲ.”

ಮಾಸ್ಟರ್ ಕೆಲಸಕ್ಕೆ ಸೇರಿದ. ಸೇರದೆ ಏನು ಮಾಡಿಯಾನು? ಮೊದಲ ದಿನ ಹೆಂಡತಿ ಎಡಗೈಯಲ್ಲೇ ಅವನ ಅಂಗಿಯ ಕಾಲರ್ ಸರಿಪಡಿಸಿ, ಊಟದ ಡಬ್ಬಿಯ ಜೊತೆ ಗ್ಲೌಸನ್ನೂ ಕೊಟ್ಟಳು. ಅದನ್ನವಳು ತೊಳೆದಿಟ್ಟಿದ್ದಳು. ಅಲ್ಲಿ ಈಗ ಅವನು ಸ್ವಿಚ್ಚು ಒತ್ತುವ ಮೊದಲು ಮೇಜಿನ ಆ ತುದಿಯಿಂದ ಈ ತುದಿಯವರೆಗೆ ನಡೆದು ನೋಡುತ್ತಾನೆ. ಅರ್ಧ ಗೆರೆಗೆ ನಿಲ್ಲಿಸಿ ತಲೆಯೆತ್ತುತ್ತಾನೆ. ಯಾರೂ ಇರುವುದಿಲ್ಲ, ಎಲ್ಲರೂ ಒಂದು ಹೆಜ್ಜೆ ಹಿಂದೆಯೇ ನಿಂತಿರುತ್ತಾರೆ. ಮಾಸ್ಟರ್ ನಿಧಾನ ಆಗಿಬಿಟ್ಟ ಎಂದು ಸಹಾಯಕರು ಗೊಣಗುತ್ತಾರೆ. ಸಂಜೆ ಗೇಟಿನಲ್ಲಿ ಕಾವಲುಗಾರ ಹೇಳುವ ಮುಂಚೆಯೇ ಎರಡೂ ಕೈ ಮೇಲೆತ್ತಿ ನಿಲ್ಲುತ್ತಾನೆ. ಪಕ್ಕದ ಹೆಂಗಸರ ಸಾಲಿನ ಕಡೆ ನೋಡುವುದಿಲ್ಲ.

ಒಂದು ಸಂಜೆ ಅವನು ಕಾಲು ತೊಳೆದು ಬಂದು ಕೂತಾಗ ಹೆಂಡತಿ ಟೀ ಲೋಟ ಮುಂದಿಟ್ಟು ಕೇಳಿದಳು.

“ನನ್ನ ಮಷೀನಲ್ಲಿ ಯಾರು ಕೂತಿದಾರೆ ಈಗ?”

ಅವನಿಗೆ ಸುಳ್ಳು ಹೇಳಲು ಹೊಳೆಯಲಿಲ್ಲ. “ಯಾರೋ ಹೊಸ ಹುಡುಗಿ.”

“ಮಧ್ಯಾಹ್ನ ಅಲ್ಲಿ ಬಿಸಿಲು ಕಣ್ಣಿಗೇ ಹೊಡೆಯುತ್ತೆ. ಸ್ಟೂಲನ್ನ ಸ್ವಲ್ಪ ಓರೆ ಮಾಡ್ಕೊಂಡು ಕೂತ್ಕೋ ಅಂತ ಹೇಳಿ ಅವಳಿಗೆ. ಪಾಪ, ಗೊತ್ತಿರಲ್ಲ.”

ಮರುದಿನ ಊಟದ ಗಂಟೆ ಹೊಡೆದಾಗ ಅವನು ಮೆಟ್ಟಿಲು ಹತ್ತಿ ಮೇಲಿನ ಮಹಡಿಗೆ ಹೋಗಿ ಹೇಳಿದ. ಹುಡುಗಿ ಎದ್ದು ನಿಂತು, ಸ್ಟೂಲನ್ನು ತಿರುಗಿಸಿಕೊಂಡು, ಮತ್ತೆ ಕೂತಳು. “ಹೌದಲ್ಲ!” ಎಂದು ನಕ್ಕಳು.